ಆಡು ಮುಟ್ಟದ ಆಡುಸೋಗೆ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನೀವೆಲ್ಲ ಕೇಳಿಯೇ ಇದ್ದೀರಿ. ಆ ಗಾದೆ ಕಟ್ಟಿದ ಪುಣ್ಯಾತ್ಮ ನಮ್ಮ ಮನೆಯ ಬೇಲಿಯನ್ನು ನೋಡಿರಲಿಲ್ಲ ಅಂತ ಕಾಣುತ್ತೆ. ನಮ್ಮ ಬೀದಿಯಲ್ಲಿ ದಿನಾ ಬೆಳಿಗ್ಗೆ ಒಂದು ಮೇಕೆ ಹಿಂಡು ಹಾದುಹೋಗುತ್ತದೆ. ಎದುರು ಮನೆಯ ದಾಸವಾಳ ಒಂದು ಬಾಯಿ, ಪಕ್ಕದವರ ಕರಿಬೇವು ಒಂದು ಬಾಯಿ, ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರೂ ಒಂದು ಬಾಯಿ! ನಮ್ಮ ಬೇಲಿಯ ಹತ್ತಿರ ಬಂದಾಗ ಮಾತ್ರ ಮೂತಿ ಚಾಚಿ, ಮೂಸಿ, ತಲೆ ಕೊಡವಿ ಮುಂದೆ ಹೋಗುತ್ತವೆ. ಅದು ಆಡುಸೋಗೆ ಬೇಲಿ.

ತಮಿಳರು ಇದನ್ನು ಆಡಾತೋಡೈ ಅನ್ನುತ್ತಾರೆ. ಆಡು ತೊಡುವುದಿಲ್ಲ, ಅಂದರೆ ಮುಟ್ಟುವುದಿಲ್ಲ ಅಂತ ಅರ್ಥ ಹೇಳುತ್ತಾರೆ. ಮಲೆಯಾಳದಲ್ಲಿ ಆಡಲೋಡಕಂ, ಮರಾಠಿಯಲ್ಲಿ ಅಡುಳಸಾ, ಹಿಂದಿಯಲ್ಲಿ ಅಡೂಸಾ. ವೈದ್ಯರ ಸಂಸ್ಕೃತದಲ್ಲಿ ವಾಸಾ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಪಂಡಿತರು ಈ ಗಿಡಕ್ಕೆ ಶಾಸ್ತ್ರೀಯ ಹೆಸರು ಇಡುವಾಗಲೂ ನಮ್ಮ ಕಡೆಯ ಆ ಮಾತನ್ನೇ ಉಳಿಸಿಕೊಂಡು 'ಅಧಾತೋಡ' ಅಂತ ಕರೆದರು. ನಮ್ಮ ಮೇಕೆಯ ಹಟ ಲ್ಯಾಟಿನ್ ಭಾಷೆಗೂ ಹೋಗಿ ಕೂತಿತು ನೋಡಿ.

ಗಿಡ ನೋಡಿರದವರಿಗಾಗಿ ಹೇಳುತ್ತೇನೆ. ಆಳೆತ್ತರಕ್ಕೆ, ಬಿಟ್ಟರೆ ಅದಕ್ಕಿಂತ ಎತ್ತರಕ್ಕೆ ಪೊದೆಯಾಗಿ ಬೆಳೆಯುತ್ತದೆ. ಎಲೆ ದೂರದಿಂದ ಮಾವಿನೆಲೆಯ ಹಾಗೆ ಉದ್ದಕ್ಕೆ, ತುದಿ ಚೂಪು. ಆದರೆ ಮಾವಿನೆಲೆಯಷ್ಟು ಗಟ್ಟಿಯಲ್ಲ, ಮೆತ್ತಗೆ. ಕಿವುಚಿದರೆ ಒಂದು ಥರಾ ಘಾಟು ವಾಸನೆ. ನಾಲಿಗೆಗೆ ಇಟ್ಟರಂತೂ ಮುಗಿಯಿತು, ಹಾಗಲಕಾಯಿಯೇ ಮೇಲು. ಚಳಿಗಾಲದಲ್ಲಿ ಬಿಳಿಯ ಹೂ ತೆನೆ ತೆನೆಯಾಗಿ ಬರುತ್ತವೆ. ಹೂವಿಗೆ ಬಾಯಿ ತೆರೆದ ಹಾಗೆ ಎರಡು ತುಟಿ, ಕೆಳತುಟಿಯ ಮೇಲೆ ನಸುಗೆಂಪು ನೇರಳೆ ಗೀರುಗಳು. ನಾವು ಮುಡಿಯುವ ಕನಕಾಂಬರ, ಸ್ಫಟಿಕದ ಹೂವು, ಕಹಿಗೆ ಹೆಸರಾದ ನೆಲಬೇವು, ಇವೆಲ್ಲ ಇದೇ ಕುಟುಂಬದ ಗಿಡಗಳು. ಒಂದೇ ಮನೆಯಲ್ಲಿ ಇಬ್ಬರು ಚೆಲುವೆಯರು, ಇಬ್ಬರು ಕಹಿ ಬಾಯಿಯವರು!

ನಾನು ಕರಾವಳಿಯ ಕಡೆಯ ಹುಡುಗಿ. ಮದುವೆಯಾಗಿ ಬಂದದ್ದು ಅರಸೀಕೆರೆಗೆ. ತೆಂಗು, ರಾಗಿ, ಧೂಳು, ರೈಲು ಜಂಕ್ಷನ್ನು ಇವಿಷ್ಟು ನಮ್ಮೂರು. ಬಂದ ಹೊಸತರಲ್ಲಿ ಬಯಲುಸೀಮೆಯ ಆ ಒಣಗಾಳಿಗೆ ನನಗೆ ಮೂರು ಹೊತ್ತೂ ಕೆಮ್ಮು. ನಮ್ಮ ಅತ್ತೆ ಒಂದು ದಿನ ಸಂಜೆ ಬೇಲಿಯಿಂದ ಎಲೆ ಕಿತ್ತು ತಂದು ಇಡ್ಲಿ ಪಾತ್ರೆಯಲ್ಲಿಟ್ಟರು. "ಇದೇನತ್ತೆ, ಸೊಪ್ಪಿನಿಡ್ಲಿಯಾ?" ಅಂತ ಕೇಳಿದೆ. "ಹೂಂ ಕಣಮ್ಮ, ಬಾಯಿ ತೆಗಿ ಗೊತ್ತಾಗ್ತದೆ" ಅಂದರು. ಗೊತ್ತಾಯಿತು. ಆಮೇಲೆ ಮೂರು ದಿನ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ನನಗೆ ಅದೇ ವಾಸನೆ ಬಂದ ಹಾಗಾಗುತ್ತಿತ್ತು. ಕಫ ಕಿತ್ತು ಬಂದು ಎದೆ ಹಗುರಾದದ್ದೂ ನಿಜ.

ಎಲೆಯನ್ನು ಇಡ್ಲಿ ಪಾತ್ರೆಯಲ್ಲಿಡುವುದಕ್ಕೆ ಕಾರಣ ಇದೆ. ಹಸಿ ಎಲೆಯನ್ನು ಕಲ್ಲಿನಲ್ಲಿ ಎಷ್ಟು ಜಜ್ಜಿದರೂ ರಸ ಬರುವುದು ಬಹಳ ಕಡಿಮೆ. ಆಯುರ್ವೇದದವರು ಇದಕ್ಕೆ ಪುಟಪಾಕ ಅಂತ ಒಂದು ವಿಧಾನ ಹೇಳುತ್ತಾರೆ. ಜಜ್ಜಿದ ಎಲೆಯನ್ನು ಉಂಡೆ ಮಾಡಿ, ಬೇರೆ ಎಲೆಯಲ್ಲಿ ಸುತ್ತಿ, ಮೇಲೆ ಮಣ್ಣು ಮೆತ್ತಿ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಹಿಂಡಿ ರಸ ತೆಗೆಯುವುದು. ಈಗ ಕೆಂಡಕ್ಕೆ ಎಲ್ಲಿ ಹೋಗೋಣ? ಹಬೆಯಲ್ಲಿ ಹತ್ತು ನಿಮಿಷ ಬೇಯಿಸಿದರೆ ಅದೇ ಕೆಲಸವಾಗುತ್ತದೆ.

ಹದಿನೈದು ಇಪ್ಪತ್ತು ಬಲಿತ ಎಲೆ ತೆಗೆದುಕೊಳ್ಳಿ. ತೀರಾ ಎಳೆಯದು ಬೇಡ, ಹಳದಿ ತಿರುಗಿದ್ದೂ ಬೇಡ. ಬೀದಿ ಬದಿಯ ಬೇಲಿಯಾದರೆ ಎರಡು ಮೂರು ನೀರಿನಲ್ಲಿ ತೊಳೆಯಲೇಬೇಕು. ಬೇಲಿಯ ಪಕ್ಕದಲ್ಲೇ ಬಸ್ಸು ಹೋಗುತ್ತಿದ್ದರೆ ಆ ಮಗ್ಗುಲಿನ ಎಲೆ ಬಿಟ್ಟು ಒಳಮಗ್ಗುಲಿನದನ್ನೇ ಕೀಳಿ. ಇಡ್ಲಿ ತಟ್ಟೆಯ ಮೇಲೆ ಹರಡಿ ಬಾಡುವವರೆಗೆ ಹಬೆ ಕೊಡಿ. ಕೈ ಸುಡದಷ್ಟು ಆರಿದ ಮೇಲೆ ಸ್ವಲ್ಪ ಕುಟ್ಟಿ, ತೆಳು ಬಟ್ಟೆಯಲ್ಲಿ ಹಾಕಿ ಬಲವಾಗಿ ಹಿಂಡಿ. ಕಡುಹಸಿರು ರಸ ಬರುತ್ತದೆ. ದೊಡ್ಡವರಿಗೆ ಎರಡು ಟೀ ಚಮಚ ರಸಕ್ಕೆ ಒಂದು ಚಮಚ ಜೇನುತುಪ್ಪ ಬೆರೆಸಿ ಬೆಳಿಗ್ಗೆ ಸಂಜೆ ಕೊಡುವುದು ನಮ್ಮ ಮನೆಯ ರೂಢಿ. ಎರಡು ಚಮಚಕ್ಕೆ ಗುಣವಾದದ್ದು ಅರ್ಧ ಲೋಟಕ್ಕೆ ಇನ್ನೂ ಬೇಗ ಗುಣವಾಗುತ್ತೆ ಅಂತ ಲೆಕ್ಕ ಹಾಕಬೇಡಿ. ಹೆಚ್ಚಾದರೆ ವಾಂತಿ, ಭೇದಿ ಎರಡೂ ಆಗುತ್ತವೆ.

ಇನ್ನು ಕಷಾಯ. ಇದಂತೂ ತೀರಾ ಸುಲಭ. ನಾಲ್ಕೈದು ಎಲೆ ಹೆಚ್ಚಿ, ಎರಡು ಲೋಟ ನೀರಿಗೆ ಹಾಕಿ, ಜಜ್ಜಿದ ಒಂದು ತುಂಡು ಶುಂಠಿ, ನಾಲ್ಕು ಕಾಳುಮೆಣಸು, ಅರ್ಧ ಚಮಚ ಜೀರಿಗೆ ಸೇರಿಸಿ ಅರ್ಧಕ್ಕೆ ಇಳಿಯುವವರೆಗೆ ಕುದಿಸುವುದು. ಸೋಸಿ ಬೆಲ್ಲ ಹಾಕಿ ಬಿಸಿಬಿಸಿಯಾಗಿ ಕುಡಿಯುವುದು. ಮನೆಯ ಗಂಡಸರು "ಹಾಲು ಹಾಕಿದ್ದರೆ ಚೆನ್ನಾಗಿತ್ತು" ಅಂತಾರೆ. ಹಾಕಬೇಡಿ. ಅದು ಕಾಫಿ ಅಲ್ಲ.

ಲೇಹ್ಯದ ಅಳತೆಯನ್ನು ಬಹಳ ಜನ ನನ್ನನ್ನು ಕೇಳಿದ್ದಾರೆ. ವಾಸಾವಲೇಹ ಅಂತ ಅಂಗಡಿಯಲ್ಲಿ ಸಿಗುವುದರ ತಮ್ಮ ಇದು. ಒಂದು ಬಟ್ಟಲು ರಸ ಬೇಕಾದರೆ ಒಂದು ಬುಟ್ಟಿ ಎಲೆಯೇ ಬೇಕು, ಮೊದಲೇ ಹೇಳಿಬಿಡುತ್ತೇನೆ. ಆ ರಸಕ್ಕೆ ಅರ್ಧ ಬಟ್ಟಲು ಕಲ್ಲುಸಕ್ಕರೆ ಪುಡಿ ಹಾಕಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಪಾಕ ಚಮಚದಿಂದ ಇಳಿಯದೆ ಅಂಟಿಕೊಳ್ಳುವ ಹದಕ್ಕೆ ಬಂದಾಗ ಎರಡು ಚಮಚ ತುಪ್ಪ, ಹುರಿದು ಪುಡಿ ಮಾಡಿದ ಒಂದು ಚಮಚ ಹಿಪ್ಪಲಿ ಹಾಕಿ ಇಳಿಸಿ. ಪೂರ್ತಿ ಆರಿದ ಮೇಲೆ ಅರ್ಧ ಬಟ್ಟಲು ಜೇನುತುಪ್ಪ ಕಲಸಿ. ಬಿಸಿ ಇರುವಾಗ ಜೇನು ಹಾಕಬಾರದು ಅಂತ ಅತ್ತೆ ಕೋಲು ಹಿಡಿದು ನಿಲ್ಲುತ್ತಿದ್ದರು. ಒಣಗಿದ ಗಾಜಿನ ಭರಣಿಗೆ ತುಂಬಿ, ಒದ್ದೆ ಚಮಚ ತಾಗಿಸದೆ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರು ಇದರ ತಂಟೆಗೆ ಹೋಗುವುದು ಬೇಡ, ಕಷಾಯಕ್ಕೆ ಬೆಲ್ಲವನ್ನೂ ಹಾಕುವುದು ಬೇಡ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನು ಬೆರಳಿನಲ್ಲಿ ನೆಕ್ಕಿಸುವುದೂ ಬೇಡ. ಅಜ್ಜಿಯರು ಒಪ್ಪುವುದಿಲ್ಲ, ಗೊತ್ತು. ಆದರೆ ಅಷ್ಟು ಎಳೆಯ ಕರುಳಿಗೆ ಜೇನಿನಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ.

ಇದೆಲ್ಲ ಬರೀ ಅಜ್ಜಿ ಔಷಧಿ, ಇದರಲ್ಲೇನಿದೆ ಅಂತ ಮೂಗು ಮುರಿಯುವವರು ನಮ್ಮ ಮನೆಯಲ್ಲೇ ಇದ್ದಾರೆ, ನನ್ನ ಮಗ. ಅವನು ಮೆಡಿಕಲ್ ಸ್ಟೋರಿನಿಂದ ತಂದ ಕೆಮ್ಮಿನ ಸೀಸೆಯ ಮೇಲೆ ಬ್ರೋಮ್‌ಹೆಕ್ಸಿನ್ ಅಂತ ಸಣ್ಣಕ್ಷರದಲ್ಲಿ ಬರೆದಿತ್ತು. ಈ ಬ್ರೋಮ್‌ಹೆಕ್ಸಿನ್ ಎಲ್ಲಿಂದ ಬಂತು ಗೊತ್ತೆ? ಆಡುಸೋಗೆ ಎಲೆಯಲ್ಲಿ ವ್ಯಾಸಿಸೀನ್ ಎಂಬ ಸತ್ವ ಇದೆ. ಅದರ ಅಚ್ಚನ್ನು ಹಿಡಿದು, ಅದಕ್ಕೇ ಬದಲಾವಣೆ ಮಾಡುತ್ತಾ ಹೋಗಿ ಜರ್ಮನಿಯ ಔಷಧ ತಯಾರಕರು ರೂಪಿಸಿದ್ದು ಬ್ರೋಮ್‌ಹೆಕ್ಸಿನ್. 1960ರ ದಶಕದಲ್ಲಿ ಅದು ಬಳಕೆಗೆ ಬಂತು. ಡಾಕ್ಟರು ಈಗ ಬಹಳ ಬರೆದುಕೊಡುವ ಆಂಬ್ರಾಕ್ಸಾಲ್ ಕೂಡ ಅದರ ಮಗಳೇ. ಗಟ್ಟಿ ಕಫವನ್ನು ತೆಳುವಾಗಿಸಿ ಹೊರಗೆ ಬರುವಂತೆ ಮಾಡುವುದು ಇವುಗಳ ಕೆಲಸ. ಸೀಸೆ ಮೇಲಕ್ಕೆತ್ತಿ ಮಗನಿಗೆ ಇಷ್ಟನ್ನೂ ಹೇಳಿದೆ. "ಹಾಗಾದ್ರೆ ಸೀಸೆಯದೇ ಕೊಡಮ್ಮ, ಅದು ಸಿಹಿ ಇದೆ" ಅಂದ! ಹೇಳಿ ಏನು ಮಾಡೋಣ.

ಬೇಲಿಯಲ್ಲೇ ಔಷಧಿ ಬೆಳೆದುಕೊಳ್ಳುವುದು ನಮ್ಮಲ್ಲಿ ಮಾತ್ರ ಅಂತ ತಿಳಿಯಬೇಡಿ. ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿಯ ಬೇಲಿಗಳಲ್ಲಿ ಎಲ್ಡರ್ ಅಂತ ಒಂದು ಪೊದೆಯಂತೆ. ಬೇಸಗೆಯ ಆರಂಭಕ್ಕೆ ಕೆನೆಬಿಳಿ ಹೂಗೊಂಚಲು, ಆಮೇಲೆ ಕಪ್ಪು ಮಣಿಯಂಥ ಹಣ್ಣು. ಹಣ್ಣನ್ನು ಲವಂಗ ಹಾಕಿ ಬೇಯಿಸಿ ಪಾಕ ಮಾಡಿ ನೆಗಡಿಗೆ ಕುಡಿಯುತ್ತಾರೆ. ಹಸಿಯಾಗಿ ತಿನ್ನಬಾರದು, ಹೊಟ್ಟೆ ತೊಳಸಿ ವಾಂತಿಯಾಗುತ್ತದೆ; ಎಲೆ ಕಡ್ಡಿಯಂತೂ ವಿಷವೇ. ಆ ಮರದಲ್ಲಿ ಒಬ್ಬ ತಾಯಿ ಇದ್ದಾಳೆ, ಅವಳನ್ನು ಕೇಳದೆ ಕೊಂಬೆ ಕಡಿಯಬಾರದು ಅಂತ ಹಿಂದೆ ಅಲ್ಲಿಯ ಹಳ್ಳಿಗರು ನಂಬುತ್ತಿದ್ದರಂತೆ. ಕತ್ತಲಾದ ಮೇಲೆ ಎಲೆ ಕೀಳಬೇಡ, ಗಿಡ ಮಲಗಿರುತ್ತೆ ಅಂತ ನಮ್ಮ ಅತ್ತೆ ಗದರುತ್ತಿದ್ದರಲ್ಲ, ನನಗೆ ಅದೇ ನೆನಪಾಯಿತು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ, ದಯವಿಟ್ಟು ಇಲ್ಲಿ ಪುಟ ತಿರುವಬೇಡಿ. ಬಸುರಿಯರಿಗೆ ಆಡುಸೋಗೆ ಕೊಡಬಾರದು. ರಸ, ಕಷಾಯ, ಲೇಹ್ಯ ಯಾವುದನ್ನೂ. ಎಲೆಯ ಆ ವ್ಯಾಸಿಸೀನ್ ಸತ್ವಕ್ಕೆ ಕಫ ಕರಗಿಸುವ ಗುಣದ ಜೊತೆಗೆ ಗರ್ಭಕೋಶವನ್ನು ಸಂಕುಚಿಸುವ ಗುಣವೂ ಇದೆ. ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದಲ್ಲಿ 1970ರ ದಶಕದಲ್ಲಿ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಹೆರಿಗೆಯ ಹೊತ್ತಿನಲ್ಲಿ ಇದನ್ನು ಬಳಸುವುದು ಹಳೆಯ ಸೂಲಗಿತ್ತಿಯರಿಗೂ ಗೊತ್ತಿತ್ತು. "ಗಿಡಮೂಲಿಕೆ ತಾನೆ, ಇಂಗ್ಲಿಷ್ ಔಷಧಿಯ ಹಾಗೆ ಕೆಡುಕಿಲ್ಲ" ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಕೆಲಸ ಮಾಡುವ ಶಕ್ತಿ ಇರುವ ಎಲೆಗೆ ಕೆಡುಕು ಮಾಡುವ ಶಕ್ತಿಯೂ ಇರುತ್ತೆ ಅಲ್ಲವೆ? ಮನೆಯಲ್ಲಿ ಹೊಸದಾಗಿ ಮದುವೆಯಾಗಿ ಬಂದ ಸೊಸೆ ಇದ್ದು, ಅವಳಿಗೆ ಕೆಮ್ಮು ಬಂದರೆ, ಕಷಾಯದ ಲೋಟ ಕೈಗೆ ಕೊಡುವ ಮೊದಲು ಒಂದು ಮಾತು ಕೇಳಿ. ಆಗತಾನೆ ಮುಟ್ಟು ನಿಂತಿರುವ ಹುಡುಗಿ ಅತ್ತೆಯ ಹತ್ತಿರ ಬಾಯಿಬಿಟ್ಟು ಹೇಳಿರುವುದಿಲ್ಲ. ಬೇಡ ಅನ್ನಲು ಅಂಜಿ ಕುಡಿದುಬಿಡುತ್ತಾಳೆ. ಅವಳಿಗೆ ಶುಂಠಿ, ಬಿಸಿನೀರು, ಉಪ್ಪುನೀರಿನ ಮುಕ್ಕಳಿಕೆ ಸಾಕು, ಹೆಚ್ಚಾದರೆ ಡಾಕ್ಟರಿದ್ದಾರೆ.

ಇನ್ನೊಂದು ಸಂಗತಿಯನ್ನು ಬರೆಯಲೋ ಬೇಡವೋ ಅಂತ ಬಹಳ ಯೋಚಿಸಿದೆ. ಹೆಸರು ಹೇಳುವುದಿಲ್ಲ, ಗುರುತು ಸಿಗುವ ಹಾಗೂ ಬರೆಯುವುದಿಲ್ಲ.

ನಮ್ಮ ಬೇಲಿಯ ಎಲೆಗೆ ಕೇಳಿದವರು ಬೇಡಿದವರು ಅಂತಿಲ್ಲ, ಯಾರು ಬೇಕಾದರೂ ಕಿತ್ತುಕೊಂಡು ಹೋಗುತ್ತಾರೆ. ಹಾಗೆ ಬರುವವರಲ್ಲಿ ಒಬ್ಬಾಕೆ ನನ್ನ ಗೆಳತಿಯ ಹಾಗೆ. ಕಳೆದ ಚಳಿಗಾಲದಲ್ಲಿ ಅವಳು ಎರಡು ದಿನಕ್ಕೊಮ್ಮೆ ಬರತೊಡಗಿದಳು. ಮಗಳಿಗೆ ಕೆಮ್ಮು ಅಂದಳು. ಅದು ಸುಗ್ಗಿಯ ಧೂಳಿನ ಕಾಲ, ಊರಲ್ಲಿ ಅರ್ಧ ಜನ ಕೆಮ್ಮುತ್ತಿದ್ದರು. ಸಂಕ್ರಾಂತಿಗೆ ಎಳ್ಳು ಬೀರಲು ಆ ಹುಡುಗಿಯೇ ನಮ್ಮ ಮನೆಗೆ ಬಂದಳು. ನೋಡಿದರೆ ರವಿಕೆ ತೋಳು ಸಡಿಲ, ಕತ್ತಿನ ಮೂಳೆ ಎದ್ದು ಕಾಣುತ್ತಿದೆ. ಒಳಗೆ ಕೂರಿಸಿ ಕೇಳಿದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತೆ, ರಾತ್ರಿ ಬೆವರುತ್ತೆ, ಊಟ ಸೇರುವುದಿಲ್ಲ ಅಂದಳು. "ಎಷ್ಟು ದಿನದಿಂದ ಕೆಮ್ಮು ಮಗೂ?" ಅಂದರೆ, "ದೀಪಾವಳಿ ಆದ್ಮೇಲಿಂದ ದೊಡ್ಡಮ್ಮ" ಅಂದಳು.

ಅದೇ ಸಂಜೆ ಅವಳ ಮನೆಗೆ ಹೋದೆ. ಕಫ ಪರೀಕ್ಷೆ ಮಾಡಿಸೋಣ ಅಂದೆ, ಅಷ್ಟೆ. ಗೆಳತಿ ಎದ್ದು ಮುಂಬಾಗಿಲು ಹಾಕಿ ಬಂದಳು. "ಅಕ್ಕಾ, ಹುಣ್ಣಿಮೆ ಕಳೆದ ಮೇಲೆ ಗಂಡಿನ ಕಡೆಯವರು ಬರೋರಿದ್ದಾರೆ. ಆಸ್ಪತ್ರೆ ಮೆಟ್ಟಿಲು ಹತ್ತಿದ್ದು ಗೊತ್ತಾದ್ರೆ ಮುಗೀತು. ನಿಮ್ಮ ಸೊಪ್ಪಲ್ಲೇ ಕಮ್ಮಿಯಾಗ್ತಿದೆ, ಇನ್ನೊಂದು ತಿಂಗಳು ನೋಡೋಣ" ಅಂದಳು. ಕಣ್ಣಲ್ಲಿ ನೀರು. ನೀವಾದರೂ ಏನು ಹೇಳುತ್ತಿದ್ದಿರಿ? ಅವಳು ಕೆಟ್ಟ ತಾಯಿಯಲ್ಲ. ಮೂರು ವರ್ಷದಿಂದ ಮಗಳಿಗೆ ಗಂಡು ಹುಡುಕಿ ಸೋತವಳು.

ಎಲೆಯಿಂದ ಕೆಮ್ಮು ಕಮ್ಮಿಯಾಗುತ್ತಿದೆ ಅಂದಳಲ್ಲ, ಅದು ಸುಳ್ಳಲ್ಲ. ಅಲ್ಲೇ ಇರುವುದು ಅಪಾಯ. ಆಡುಸೋಗೆ ಕಫ ಸಡಿಲಿಸುತ್ತೆ, ಕೆಮ್ಮುವವರಿಗೆ ಒಂದಿಷ್ಟು ಸುಖವೆನಿಸುತ್ತೆ. ಒಳಗಿನ ಕಾಯಿಲೆ ಅದರ ಪಾಡಿಗೆ ಅದು ಬೆಳೆಯುತ್ತಾ ಹೋಗುತ್ತೆ. ಕ್ಷಯಕ್ಕೆ ಮಾತ್ರೆ ಇಲ್ಲದ ಕಾಲದಲ್ಲಿ ವೈದ್ಯರು ಇದೇ ಎಲೆಯನ್ನು ನೆಚ್ಚಿಕೊಂಡಿದ್ದರು, ಬೇರೆ ಏನಿತ್ತು ಪಾಪ. ಈಗ ಹಾಗಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತದ ಗೆರೆ, ಇವುಗಳಲ್ಲಿ ಯಾವುದು ಕಂಡರೂ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಒಂದು ಪೈಸೆ ಖರ್ಚಿಲ್ಲ.

ನಾನು ಆ ದಿನ ಗೆಳತಿಯ ಜೊತೆ ವಾದ ಮಾಡಲಿಲ್ಲ. "ನಾಳೆ ನನಗೆ ಬಿ.ಪಿ. ತೋರಿಸಬೇಕು, ಜೊತೆಗೆ ನಿನ್ನ ಮಗಳನ್ನು ಕಳಿಸು" ಅಂದೆ. ಬಿ.ಪಿ. ನನಗೆ ಇರುವುದು ನಿಜ. ಅವಳು ಬಹಳ ಹೊತ್ತು ನನ್ನ ಮುಖ ನೋಡಿ, ಆಮೇಲೆ "ಕಳಿಸ್ತೀನಿ" ಅಂದಳು. ಎರಡು ಡಬ್ಬಿ ಕೊಟ್ಟರು. ಒಂದು ಅಲ್ಲೇ ಆಗ, ಇನ್ನೊಂದು ಮಾರನೆಯ ದಿನ ಬೆಳಿಗ್ಗೆ ಎದ್ದ ಕೂಡಲೆ ಬಾಯಿ ತೊಳೆದು ಕೆಮ್ಮಿ ತೆಗೆದದ್ದು. ಬಾಯಿಯ ಎಂಜಲಲ್ಲ, ಎದೆಯೊಳಗಿಂದ ಬಂದ ಕಫವೇ ಬೇಕು.

ಕ್ಷಯ ಅಂತಲೇ ಬಂತು.

ಆ ಮನೆಯಲ್ಲಿ ಎರಡು ದಿನ ಒಲೆ ಹೊತ್ತಿಸಲಿಲ್ಲ. ಮೂರನೆಯ ದಿನ ಮಾತ್ರೆ ಶುರುವಾಯಿತು. ಮೊದಲ ಎರಡು ತಿಂಗಳು ನಾಲ್ಕು ಬಗೆಯ ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಬಗೆ, ದಿನವೂ ತಪ್ಪದೆ. ಒಟ್ಟು ಆರು ತಿಂಗಳು. ಒಂದು ತಿಂಗಳಿಗೇ ಕೆಮ್ಮು ನಿಂತು, ಹಸಿವು ಹುಟ್ಟಿ, "ಇನ್ನೇಕೆ ಮಾತ್ರೆ?" ಅನಿಸುತ್ತೆ. ಅಲ್ಲಿ ಬಿಟ್ಟವರಿಗೇ ಕಾಯಿಲೆ ಮದ್ದಿಗೆ ಬಗ್ಗದ ರೂಪದಲ್ಲಿ ತಿರುಗಿ ಬರುವುದು. ಮೊದಲ ದಿನವೇ ಹುಡುಗಿ ಹೆದರಿ ಓಡಿ ಬಂದಳು, ಮೂತ್ರ ಕಿತ್ತಳೆ ಬಣ್ಣಕ್ಕೆ ಹೋಗುತ್ತಿದೆ ಅಂತ. ಅದು ರಿಫಾಂಪಿಸಿನ್ ಎಂಬ ಮಾತ್ರೆಯ ಬಣ್ಣ, ರಕ್ತವಲ್ಲ. ಎಲ್ಲರಿಗೂ ಹಾಗೇ ಆಗುತ್ತೆ. ಬಿಳಿ ಒಳಬಟ್ಟೆಗೂ ಬಣ್ಣ ಹತ್ತುತ್ತೆ. ಆದರೆ ಕಣ್ಣಿನ ಬಿಳಿ ಭಾಗ ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಪೌಷ್ಟಿಕ ಊಟಕ್ಕಾಗಿ ಸರ್ಕಾರದಿಂದ ಬ್ಯಾಂಕಿನ ಖಾತೆಗೆ ಹಣ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಅಂತ ಶುರುವಾದದ್ದು, 2024ರ ನವೆಂಬರಿನಿಂದ 1000 ಆಗಿದೆ. ಆ ದುಡ್ಡಿನಲ್ಲಿ ಮೊಟ್ಟೆಯೋ ಕಾಳೋ ಹಾಲೋ ತರಬೇಕು, ಚೀಟಿ ಕಟ್ಟಬಾರದು!

ತಟ್ಟೆ ಲೋಟ ಬೇರೆ ಇಡಬೇಕಾ ಅಂತ ಗೆಳತಿ ಕೇಳಿದಳು. ಬೇಡ. ಇದು ತಟ್ಟೆಯಿಂದ ಅಂಟುವುದಲ್ಲ, ಕೆಮ್ಮಿದಾಗ ಗಾಳಿಯಲ್ಲಿ ಹರಡುವುದು. ಕೆಮ್ಮುವಾಗ ಸೆರಗೋ ಕರವಸ್ತ್ರವೋ ಅಡ್ಡ ಹಿಡಿಯಬೇಕು, ಕಿಟಕಿ ತೆರೆದಿಡಬೇಕು. ಮಾತ್ರೆ ಸರಿಯಾಗಿ ನುಂಗಲು ಶುರು ಮಾಡಿದ ಕೆಲವು ವಾರಗಳಲ್ಲೇ ಹರಡುವುದು ಬಹಳ ಕಡಿಮೆಯಾಗುತ್ತೆ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡರು. ಬೇರೆ ಯಾರಿಗೂ ಇರಲಿಲ್ಲ.

ಗಂಡಿನ ಕಡೆಯವರ ವಿಷಯ ಏನಾಯಿತು ಅಂತ ಕೇಳುತ್ತೀರಿ. ಹುಡುಗನ ಸೋದರತ್ತೆ ನನಗೆ ಪರಿಚಯದವರು. ಒಂದು ಮಧ್ಯಾಹ್ನ ಸೀದಾ ನಮ್ಮ ಮನೆಗೇ ಬಂದರು. ಕಾಫಿ ಕುಡಿದು, ತೆಂಗಿನಕಾಯಿ ರೇಟು ಮಾತಾಡಿ, ಆಮೇಲೆ ಮೆಲ್ಲಗೆ, "ನಿಮಗೆ ಅವರ ಮನೆ ಚೆನ್ನಾಗಿ ಗೊತ್ತಲ್ವಾ, ಹುಡುಗಿ ಹೇಗೆ?" ಅಂದರು. ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಹುಡುಗಿ ಬಂಗಾರ ಅಂದೆ, ಅದು ಸತ್ಯ. ಬೇರೆ ಕೇಳುವುದಿದ್ದರೆ ಅವರ ಮನೆಯಲ್ಲೇ ಕೂತು ಕೇಳಿ ಅಂದೆ, ಅದೂ ಸತ್ಯ. ಅವರ ಕಾಯಿಲೆ ನನ್ನ ಬಾಯಲ್ಲಿ ಹೋಗತಕ್ಕದ್ದಲ್ಲ. ಹಾಗಂತ ಸುಳ್ಳು ಹೇಳಿ ಇನ್ನೊಂದು ಮನೆಗೆ ಹೆಣ್ಣು ದಾಟಿಸುವುದಕ್ಕೂ ನಾನು ಸಿದ್ಧಳಿರಲಿಲ್ಲ.

ಅವತ್ತು ರಾತ್ರಿ ತಾಯಿ ಮಗಳಿಗೆ ಜಗಳವಾಯಿತಂತೆ. ಮುಚ್ಚಿಟ್ಟು ಮದುವೆಯಾದರೆ ಮಾತ್ರೆಗಳನ್ನು ಗಂಡನ ಮನೆಯಲ್ಲಿ ಎಲ್ಲಿ ಬಚ್ಚಿಟ್ಟು ನುಂಗಲಿ ಅಂತ ಮಗಳು ಕೇಳಿದಳಂತೆ. ತಾಯಿಯ ಹತ್ತಿರ ಉತ್ತರವಿರಲಿಲ್ಲ. ಹುಡುಗಿ ತಾನೇ ಫೋನು ಮಾಡಿ ಹುಡುಗನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆರು ತಿಂಗಳಾದ ಮೇಲೆ ಪೂರ್ತಿ ಗುಣವಾಗುತ್ತೆ, ಆಮೇಲೆ ಮದುವೆ, ಮಕ್ಕಳು ಎಲ್ಲದಕ್ಕೂ ಅಡ್ಡಿಯಿಲ್ಲ ಅಂತ ಡಾಕ್ಟರು ಹೇಳಿದ್ದನ್ನೂ ಹೇಳಿದಳು. ಅವರು ಬರಲಿಲ್ಲ. ಆ ಸಂಬಂಧ ಅಲ್ಲಿಗೇ ನಿಂತಿತು. ಕಥೆಗಳಲ್ಲಿ ಆಗುವ ಹಾಗೆ ಹುಡುಗ ಕಾದು ಕೂರಲಿಲ್ಲ. ಕೂತಿದ್ದರೆ ಬರೆಯಲು ನನಗೂ ಚೆನ್ನಾಗಿತ್ತು.

ಹುಡುಗಿ ಆರು ತಿಂಗಳೂ ಒಂದು ದಿನ ಬಿಡದೆ ಮಾತ್ರೆ ನುಂಗಿದಳು. ಕೊನೆಯ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು. ಈಗ ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದಾಳೆ, ರವಿಕೆಗಳನ್ನೆಲ್ಲ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಸಿಕೊಂಡಿದ್ದಾಳೆ. ಅವಳ ತಾಯಿ ಬಹಳ ದಿನ ನಮ್ಮ ಬೇಲಿಯ ಕಡೆ ಬರಲಿಲ್ಲ. ದೇವಸ್ಥಾನದಲ್ಲಿ ಸಿಕ್ಕರೂ ಪ್ರದಕ್ಷಿಣೆಯ ನೆಪದಲ್ಲಿ ಆಚೆ ತಿರುಗುತ್ತಿದ್ದಳು. ನಾನೂ ಮೇಲೆ ಬಿದ್ದು ಮಾತಾಡಿಸಲಿಲ್ಲ. ಆಷಾಢದಲ್ಲಿ ಒಂದು ದಿನ ಮಗಳ ಕೈಯಲ್ಲಿ ಹೇಳಿಕಳಿಸಿದಳು, ಎಲೆ ಬೇಡವಂತೆ, ನೆಡೋದಕ್ಕೆ ನಾಲ್ಕು ಕಡ್ಡಿ ಬೇಕಂತೆ.

ಹಾಂ, ಗಿಡ ನೆಡುವ ವಿಷಯ ಹೇಳುವುದು ಉಳಿದೇ ಹೋಯಿತು. ಇದಕ್ಕೆ ಬೀಜ ಹುಡುಕುವ ಕೆಲಸ ಬೇಡ, ಕಡ್ಡಿಯೇ ಸಾಕು. ಮಳೆ ಹಿಡಿದ ಮೇಲೆ, ಜೂನ್ ಜುಲೈ ತಿಂಗಳು ಒಳ್ಳೆಯದು. ಪೆನ್ಸಿಲಿಗಿಂತ ಸ್ವಲ್ಪ ದಪ್ಪ ಇರುವ, ತೀರಾ ಹಸಿರೂ ಅಲ್ಲದ ತೀರಾ ಕಟ್ಟಿಗೆಯೂ ಆಗದ ಕೊಂಬೆ ಆರಿಸಿ. ಮೂರು ನಾಲ್ಕು ಗಿಣ್ಣು ಬರುವ ಹಾಗೆ ಒಂದು ಗೇಣು ಉದ್ದಕ್ಕೆ ಓರೆಯಾಗಿ ಕತ್ತರಿಸಿ. ಎಲೆಗಳನ್ನು ತೆಗೆದು, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಊರಿ ಸುತ್ತ ಅದುಮಿ. ತಲೆಕೆಳಗಾಗಿ ಊರದ ಹಾಗೆ ಕತ್ತರಿಸುವಾಗಲೇ ಗುರುತು ಮಾಡಿಕೊಳ್ಳಿ. ಮೂರು ನಾಲ್ಕು ವಾರದಲ್ಲಿ ಚಿಗುರುತ್ತದೆ. ಚಿಗುರಿತೋ ಬೇರು ಬಿಟ್ಟಿತೋ ಅಂತ ಕಿತ್ತು ನೋಡುವ ಚಪಲ ಮಾತ್ರ ಬೇಡ.

ಬೇಲಿಗಾದರೆ ಒಂದೂವರೆ ಅಡಿಗೊಂದು. ಮನೆಯಲ್ಲಿ ಜಾಗವೇ ಇಲ್ಲದವರು ತೂತು ಕೊರೆದ ದೊಡ್ಡ ಎಣ್ಣೆ ಡಬ್ಬದಲ್ಲೂ ಒಂದು ಗಿಡ ಇಟ್ಟುಕೊಳ್ಳಬಹುದು. ಮಣ್ಣು ಎಂಥದ್ದಾದರೂ ನಡೆಯುತ್ತೆ, ನೀರು ನಿಲ್ಲುವ ಜಾಗ ಒಂದು ಬೇಡ, ಬೇರು ಕೊಳೆಯುತ್ತದೆ. ಮೊದಲ ಬೇಸಗೆಯಲ್ಲಿ ವಾರಕ್ಕೆರಡು ಸಲ ನೀರು, ಆಮೇಲೆ ಅದರ ಪಾಡು ಅದಕ್ಕೆ. ಪಾತ್ರೆ ತೊಳೆದ ನೀರಿನಲ್ಲಿ ನಮ್ಮದು ಎಷ್ಟೋ ಬರಗಾಲ ದಾಟಿದೆ. ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ ಸೊಂಟದೆತ್ತರಕ್ಕೆ ಕತ್ತರಿಸಿಬಿಟ್ಟರೆ ಪೊದೆ ದಟ್ಟವಾಗುತ್ತೆ. ಕತ್ತರಿಸಿದ ಸೊಪ್ಪನ್ನು ಎಸೆಯಬೇಡಿ. ಕರಾವಳಿಯಲ್ಲಿ ಇದನ್ನು ಗದ್ದೆಗೆ ಹಸಿರು ಗೊಬ್ಬರವಾಗಿ ತುಳಿಯುತ್ತಿದ್ದರು. ನಾನು ತೆಂಗಿನ ಬುಡಕ್ಕೆ ಹಾಕುತ್ತೇನೆ. ಮಳೆಗಾಲಕ್ಕೆ ಬೇಕಾದರೆ ಎಲೆಯನ್ನು ನೆರಳಿನಲ್ಲಿ ಗರಿಗರಿ ಒಣಗಿಸಿ ಡಬ್ಬಿಗೆ ತುಂಬಿ. ಒಣಗಿದ ಮೇಲೆ ಚಹಾ ಪುಡಿಯ ಹಾಗೆ ವಾಸನೆ ಬರುತ್ತೆ, ಹಾಗಾಗಿ ಡಬ್ಬಿಯ ಮೇಲೆ ಹೆಸರು ಬರೆದಂಟಿಸಿ. ನೆಂಟರಿಗೆ ಚಹಾ ಮಾಡಲು ಹೋಗಿ ಬೇರೆ ಡಬ್ಬಿಗೆ ಕೈ ಹಾಕಿದರೆ ಅವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಗೆಳತಿಗೆ ನಾಲ್ಕಲ್ಲ, ಹನ್ನೆರಡು ಕಡ್ಡಿ ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸಿದೆ. ಒಂಬತ್ತು ಚಿಗುರಿವೆಯಂತೆ.